ಸಿಟ್ಟು ಬರಿಸುವ ಪಾಡ್‌ಕಾಸ್ಟ್ ಕೇಳಿ, ಇಂಗ್ಲಿಷ್ ಕಲಿಯಿರಿ

ಹಾಸನದಲ್ಲಿ ಸ್ಪೋಕನ್ ಇಂಗ್ಲಿಷ್ ತರಗತಿಗಳ ಬೋರ್ಡುಗಳಿಗೆ ಬರವಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಪದವಿಗೆ ಸೇರಿದವರು, ಬೆಂಗಳೂರಿನ ಸಂದರ್ಶನಕ್ಕೆ ತಯಾರಾಗುತ್ತಿರುವವರು, ಸಕಲೇಶಪುರದ ಹೋಮ್‌ಸ್ಟೇಗಳಲ್ಲಿ ಅತಿಥಿಗಳನ್ನು ನೋಡಿಕೊಳ್ಳುವವರು, ಬೇಲೂರು ಹಳೇಬೀಡುಗಳು 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಪರದೇಶದವರ ಪ್ರಶ್ನೆಗಳಿಗೆ ಸಜ್ಜಾಗಬೇಕಾದ ಗೈಡುಗಳು, ಎಲ್ಲರ ದೂರೂ ಹೆಚ್ಚುಕಡಿಮೆ ಒಂದೇ: ಓದಿದರೆ ತಿಳಿಯುತ್ತದೆ, ಕೇಳಿದರೆ ತಿಳಿಯುವುದಿಲ್ಲ. ತಿಳಿದರೂ ಬಾಯಿ ಬರುವುದಿಲ್ಲ.

ಇದಕ್ಕೆ ವ್ಯಾಕರಣದ ಇನ್ನೊಂದು ಪುಸ್ತಕ ಮದ್ದಲ್ಲ. ಕಿವಿಗೆ ಕೆಲಸ ಕೊಡಬೇಕು. ಪಾಡ್‌ಕಾಸ್ಟ್ ಕೇಳಿ ಎಂಬ ಸಲಹೆಯನ್ನು ಎಲ್ಲರೂ ಕೊಡುತ್ತಾರೆ. ಯಾವುದನ್ನು ಕೇಳಬೇಕು, ಹೇಗೆ ಕೇಳಬೇಕು ಎಂದು ಹೇಳುವವರು ಕಡಿಮೆ. ಅಡುಗೆ ಮಾಡುತ್ತಲೋ ಗಾಡಿ ಓಡಿಸುತ್ತಲೋ ಹಿನ್ನೆಲೆಯಲ್ಲಿ ಇಂಗ್ಲಿಷ್ ಹರಿಯಬಿಟ್ಟರೆ ಅದು ಹರಿದುಹೋಗುತ್ತದೆ, ಅಷ್ಟೇ.

ನನ್ನ ಸಲಹೆ ಸ್ವಲ್ಪ ಬೇರೆ. ಕೇಳಿದ ಕೂಡಲೇ ಎದುರು ಮಾತನಾಡಬೇಕು ಎನ್ನಿಸುವ ವಿಷಯವನ್ನು ಆರಿಸಿಕೊಳ್ಳಿ. ಯಾವ ದೇಶದ ಜನ ಎಷ್ಟು ಸಂತೋಷವಾಗಿದ್ದಾರೆ ಎಂಬ ಚರ್ಚೆ ಅಂಥದ್ದು. 2025ರ ವಿಶ್ವ ಸಂತೋಷ ವರದಿಯಲ್ಲಿ 147 ದೇಶಗಳ ಪೈಕಿ ಭಾರತ 118ನೆಯದು. ನೇಪಾಳ 92, ಪಾಕಿಸ್ತಾನ 109. ಈ ಮೂರು ಅಂಕಿಗಳನ್ನು ಸಂತೇಪೇಟೆಯ ಯಾವುದಾದರೂ ಚಹಾ ಅಂಗಡಿಯಲ್ಲಿ ಗಟ್ಟಿಯಾಗಿ ಓದಿ ನೋಡಿ, ಯಾರೂ ಸುಮ್ಮನಿರುವುದಿಲ್ಲ. ಸಿಟ್ಟು ಬಂದವನಿಗೆ ಹೇಳುವುದೇನು ಎಂದು ಹುಡುಕುವ ಕಷ್ಟವಿಲ್ಲ. ಉಳಿಯುವುದು ಹೇಗೆ ಹೇಳುವುದು ಎಂಬುದು ಮಾತ್ರ.

ಮೊದಲು ವಿಷಯವನ್ನು ಕನ್ನಡದಲ್ಲಿ ತಿಳಿದುಕೊಳ್ಳಿ

ಇದು ಕಳ್ಳದಾರಿಯಲ್ಲ. ಗೊತ್ತಿಲ್ಲದ ಭಾಷೆ, ಗೊತ್ತಿಲ್ಲದ ವಿಷಯ ಎರಡೂ ಒಟ್ಟಿಗೆ ಎದುರಾದರೆ ತಲೆ ಕೈಚೆಲ್ಲುತ್ತದೆ. ವಿಷಯ ಮೊದಲೇ ಗೊತ್ತಿದ್ದರೆ, ಕಿವಿಗೆ ಬೀಳದ ಪದವನ್ನೂ ಊಹೆಯಿಂದ ತುಂಬಿಕೊಳ್ಳಬಹುದು. ಹೀಗಾಗಿ ಹಿನ್ನೆಲೆ ಇಲ್ಲಿದೆ.

ವಿಶ್ವ ಸಂತೋಷ ವರದಿ ಮೊದಲು ಹೊರಬಂದದ್ದು 2012ರಲ್ಲಿ. ಈಗ ಪ್ರತಿ ವರ್ಷ ಮಾರ್ಚ್ 20ರ ಅಂತರರಾಷ್ಟ್ರೀಯ ಸಂತೋಷ ದಿನದ ಆಸುಪಾಸಿನಲ್ಲಿ ಬರುತ್ತದೆ. 2018ರಿಂದ 2025ರವರೆಗೆ ಪ್ರತಿ ಸಲವೂ ಮೊದಲ ಸ್ಥಾನ ಫಿನ್‌ಲ್ಯಾಂಡಿನದು. 2025ರಲ್ಲಿ ಅದರ ಹಿಂದೆ ಡೆನ್ಮಾರ್ಕ್, ಐಸ್‌ಲ್ಯಾಂಡ್, ಸ್ವೀಡನ್ ಇದ್ದವು. ಕೋಸ್ಟರಿಕಾ ಆರನೆಯ ಸ್ಥಾನಕ್ಕೆ ಏರಿತು. ಕೊನೆಯಲ್ಲಿದ್ದದ್ದು ಅಫ್ಘಾನಿಸ್ತಾನ.

ಇಷ್ಟು ಎಲ್ಲ ಪತ್ರಿಕೆಗಳಲ್ಲೂ ಬರುತ್ತದೆ. ಅಂಕ ಬರುವುದು ಹೇಗೆ ಎಂಬುದನ್ನು ಬಹಳ ಮಂದಿ ತಪ್ಪಾಗಿ ತಿಳಿದಿದ್ದಾರೆ. ಜನಾಭಿಪ್ರಾಯ ಸಮೀಕ್ಷೆ ನಡೆಸುವ ಗ್ಯಾಲಪ್ ಸಂಸ್ಥೆಯವರು ಸಾಮಾನ್ಯವಾಗಿ ಒಂದು ದೇಶದಲ್ಲಿ ವರ್ಷಕ್ಕೆ ಸುಮಾರು ಸಾವಿರ ಮಂದಿಗೆ ಒಂದು ಪ್ರಶ್ನೆ ಕೇಳುತ್ತಾರೆ. ಒಂದು ಏಣಿಯನ್ನು ಕಲ್ಪಿಸಿಕೊಳ್ಳಿ. ಕೆಳಗಿನ ಮೆಟ್ಟಿಲು 0, ತುದಿಯದು 10. ತುದಿಯೆಂದರೆ ನಿಮ್ಮ ಮಟ್ಟಿಗೆ ಸಾಧ್ಯವಿರುವ ಅತ್ಯುತ್ತಮ ಬದುಕು, ಬುಡವೆಂದರೆ ಅತಿ ಕೆಟ್ಟದ್ದು. ಈ ಹೊತ್ತಿಗೆ ನೀವು ಯಾವ ಮೆಟ್ಟಿಲ ಮೇಲಿದ್ದೀರಿ? ಅಮೆರಿಕದ ಮನಶ್ಶಾಸ್ತ್ರಜ್ಞ ಹ್ಯಾಡ್ಲಿ ಕ್ಯಾಂಟ್ರಿಲ್ 1965ರಲ್ಲಿ ರೂಪಿಸಿದ ಈ ಏಣಿಗೆ ಅವರದೇ ಹೆಸರಿದೆ. ಉತ್ತರಗಳ ಮೂರು ವರ್ಷದ ಸರಾಸರಿಯೇ ದೇಶದ ಅಂಕ. ತಲಾ ಆದಾಯ, ಕಷ್ಟಕ್ಕೆ ಆಗುವವರಿದ್ದಾರೆ ಎಂಬ ಭರವಸೆ, ಆರೋಗ್ಯವಂತ ಆಯಸ್ಸು, ಬದುಕಿನ ಆಯ್ಕೆಯ ಸ್ವಾತಂತ್ರ್ಯ, ಔದಾರ್ಯ, ಭ್ರಷ್ಟಾಚಾರದ ಬಗೆಗಿನ ಅನಿಸಿಕೆ, ಈ ಆರನ್ನು ಕೂಡಿಸಿ ಅಂಕ ಕೊಡುತ್ತಾರೆ ಎಂದು ಪಾಡ್‌ಕಾಸ್ಟ್ ನಡೆಸುವವರೂ ಕೆಲವೊಮ್ಮೆ ಹೇಳಿಬಿಡುತ್ತಾರೆ. ಹಾಗಲ್ಲ. ಅಂಕ ಏಣಿಯ ಉತ್ತರದಿಂದಲೇ ಬರುತ್ತದೆ. ಒಂದು ದೇಶಕ್ಕೂ ಇನ್ನೊಂದಕ್ಕೂ ಅಂತರವೇಕೆ ಎಂದು ವಿವರಿಸಲು ಮಾತ್ರ ಈ ಆರನ್ನು ಬಳಸುತ್ತಾರೆ. ಇದನ್ನು ತಿಳಿದು ಕೇಳಲು ಕುಳಿತರೆ, ಮಾತನಾಡುವವರ ತಪ್ಪು ಹಿಡಿಯುವ ಸುಖವೂ ನಿಮ್ಮದಾಗಬಹುದು. ಆ ಸುಖಕ್ಕಾಗಿ ಕಿವಿ ತಾನಾಗಿಯೇ ಚುರುಕಾಗುತ್ತದೆ.

ಭೂತಾನಿನ ಹೆಸರು ಬಂದೇ ಬರುತ್ತದೆ. ಅದು ಬೇರೆಯೇ ಲೆಕ್ಕ. ರಾಷ್ಟ್ರೀಯ ಉತ್ಪನ್ನಕ್ಕಿಂತ ರಾಷ್ಟ್ರೀಯ ಸಂತೋಷ ಮುಖ್ಯವೆಂಬ ಚಿಂತನೆಯನ್ನು 1970ರ ದಶಕದಲ್ಲಿ ಮುಂದಿಟ್ಟವರು ಅಲ್ಲಿನ ನಾಲ್ಕನೆಯ ದೊರೆ ಜಿಗ್ಮೆ ಸಿಂಗ್ಯೆ ವಾಂಗ್‌ಚುಕ್. 2008ರ ಸಂವಿಧಾನದಲ್ಲೂ ಅದಕ್ಕೆ ಜಾಗ ಸಿಕ್ಕಿತು. ಭೂತಾನಿನವರು ಒಂದೇ ಪ್ರಶ್ನೆಗೆ ನಿಲ್ಲುವುದಿಲ್ಲ. ಒಂಬತ್ತು ಕ್ಷೇತ್ರ, 33 ಸೂಚಕಗಳು. ದಿನದ ಹೊತ್ತನ್ನು ಹೇಗೆ ಕಳೆಯುತ್ತೀರಿ, ಎಷ್ಟು ನಿದ್ದೆ ಮಾಡುತ್ತೀರಿ ಎಂಬುದೂ ಅದರಲ್ಲಿ ಸೇರಿದೆ. ಜಗತ್ತಿಗೆ ಸಂತೋಷದ ಪಾಠ ಹೇಳಿದ ಈ ದೇಶ 2019ರ ವಿಶ್ವ ವರದಿಯಲ್ಲಿ 95ನೆಯ ಸ್ಥಾನದಲ್ಲಿತ್ತು. ಏಕೆ ಹೀಗೆ? ಇಂಗ್ಲಿಷಿನಲ್ಲಿ ಎರಡು ನಿಮಿಷ ಮಾತನಾಡಲು ಇದಕ್ಕಿಂತ ಒಳ್ಳೆಯ ಪ್ರಶ್ನೆ ಬೇಕಿಲ್ಲ.

ಸಂಚಿಕೆ ಚಿಕ್ಕದಿರಲಿ

ಆರಂಭಕ್ಕೆ ಬಿಬಿಸಿ ಲರ್ನಿಂಗ್ ಇಂಗ್ಲಿಷ್‌ನ ‘6 ಮಿನಿಟ್ ಇಂಗ್ಲಿಷ್’ ಸಾಕು. ಹೆಸರೇ ಹೇಳುವಂತೆ ಆರು ನಿಮಿಷದ ಆಸುಪಾಸು. ಆರಂಭದಲ್ಲಿ ಮೂರು ಆಯ್ಕೆಗಳಿರುವ ಒಂದು ಪ್ರಶ್ನೆ, ಕೊನೆಯಲ್ಲಿ ಉತ್ತರ, ನಡುವೆ ಹೊಸ ಪದಗಳ ವಿವರಣೆ. ಪೂರ್ತಿ ಮಾತಿನ ಲಿಖಿತ ರೂಪವೂ ಉಚಿತವಾಗಿ ಸಿಗುತ್ತದೆ, ಅದೇ ಮುಖ್ಯ. ಲಿಖಿತ ರೂಪವಿಲ್ಲದ ಪಾಡ್‌ಕಾಸ್ಟ್ ಎಷ್ಟೇ ಚೆನ್ನಾಗಿದ್ದರೂ ಅಭ್ಯಾಸಕ್ಕೆ ಬೇಡ. ಹುಡುಕುವ ಜಾಗದಲ್ಲಿ ಹ್ಯಾಪಿನೆಸ್, ವೆಲ್‌ಬೀಯಿಂಗ್, ಫಿನ್‌ಲ್ಯಾಂಡ್, ಭೂತಾನ್ ಎಂದು ಒಂದೊಂದಾಗಿ ಹಾಕಿ ನೋಡಿ. ಯೇಲ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ಪ್ರಾಧ್ಯಾಪಕಿ ಲಾರಿ ಸ್ಯಾಂಟೋಸ್ ನಡೆಸುವ ‘ದಿ ಹ್ಯಾಪಿನೆಸ್ ಲ್ಯಾಬ್’ ಸೊಗಸಾಗಿದೆ. ಆದರೆ ಉದ್ದ ಹೆಚ್ಚು, ಅಮೆರಿಕನ್ನರ ಸಹಜ ವೇಗ. ಕಿವಿ ಪಳಗಿದ ಮೇಲೆ ಅಲ್ಲಿಗೆ ಹೋಗಿ.

ಸಂಚಿಕೆಯನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ಬೇಲೂರಿನಿಂದ ಹಾಸನಕ್ಕೆ ಬಸ್ಸಿನಲ್ಲಿ ಬರುವವರಿಗೆ ಸುಮಾರು 40 ಕಿಲೋಮೀಟರ್ ದಾರಿಯಲ್ಲಿ ಒಂದು ಸಂಚಿಕೆಯನ್ನು ಹಲವು ಬಾರಿ ಕೇಳುವಷ್ಟು ಸಮಯವಿದೆ, ನೆಟ್‌ವರ್ಕಿನ ಭರವಸೆ ಇಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗೆ ರೈಲಿನಲ್ಲಿ ಇಳಿಯುವವರಿಗಂತೂ 57 ಸುರಂಗಗಳು. ಇನ್ನು ಹೇಳುವುದೇನಿದೆ?

ಒಂದು ವಾರಕ್ಕೆ ಒಂದೇ ಸಂಚಿಕೆ. ಬೇಸರವಾಗುತ್ತದೆ ಎಂದು ಗೊತ್ತು. ಆದರೂ ಏಳು ಸಂಚಿಕೆಗಳನ್ನು ಒಂದೊಂದು ಸಲ ಕೇಳುವುದಕ್ಕಿಂತ ಒಂದನ್ನು ಏಳು ದಿನ ಕೇಳುವುದು ಲೇಸು.

ಮೊದಲ ಎರಡು ದಿನ: ಬರಿಯ ಕಿವಿ

ಲಿಖಿತ ರೂಪ ನೋಡಬೇಡಿ, ನಡುವೆ ನಿಲ್ಲಿಸಲೂ ಬೇಡಿ. ಮುಗಿದ ಮೇಲೆ ಮೂರು ಪ್ರಶ್ನೆಗಳಿಗೆ ಕನ್ನಡದಲ್ಲೇ ಉತ್ತರ ಬರೆಯಿರಿ: ಯಾವ ದೇಶಗಳ ಹೆಸರು ಬಂತು? ಮಾತನಾಡಿದವರು ಒಪ್ಪಿದ್ದು ಯಾವುದನ್ನು, ಒಪ್ಪದಿದ್ದದ್ದು ಯಾವುದನ್ನು? ಎಲ್ಲಿ ಪೂರ್ತಿ ದಾರಿ ತಪ್ಪಿತು? ಅರ್ಧ ತಿಳಿದರೂ ಆಯಿತು. ವೇಗ ಹೆಚ್ಚೆನ್ನಿಸಿದರೆ ಆ್ಯಪ್‌ನಲ್ಲಿ 0.75ಕ್ಕೆ ಇಳಿಸಬಹುದು. ಆದರೆ ಅದಕ್ಕೆ ಒಗ್ಗಿಹೋಗಬೇಡಿ. ಎರಡನೆಯ ದಿನ ಸಹಜ ವೇಗಕ್ಕೆ ಮರಳಲೇಬೇಕು. ಸಂದರ್ಶನ ಮಾಡುವವರಿಗೆ 0.75ರ ಗುಂಡಿ ಇರುವುದಿಲ್ಲ.

ಅಂಕಿಗಳ ಕಾಟ

ಈ ವಿಷಯದ ಪಾಡ್‌ಕಾಸ್ಟುಗಳಲ್ಲಿ ನಮ್ಮವರು ಎಡವುವುದು ಕಠಿಣ ಪದಗಳಲ್ಲಿ ಎನ್ನುವುದಕ್ಕಿಂತ ಸಂಖ್ಯೆಗಳಲ್ಲಿ. ಮಿಲಿಯನ್, ಬಿಲಿಯನ್ ಎಂದ ಕೂಡಲೇ ಮನಸ್ಸು ಸೊನ್ನೆಗಳನ್ನು ಎಣಿಸಲು ಕೂರುತ್ತದೆ. ಅಷ್ಟರಲ್ಲಿ ಮುಂದಿನ ಎರಡು ವಾಕ್ಯ ಹೋಗಿರುತ್ತವೆ. ಒಂದು ಮಿಲಿಯನ್ ಎಂದರೆ ಹತ್ತು ಲಕ್ಷ, ಒಂದು ಬಿಲಿಯನ್ ಎಂದರೆ ನೂರು ಕೋಟಿ ಎಂಬುದು ಶಾಲೆಯಲ್ಲೇ ಕಲಿತದ್ದು. ಅದು ನಾಲಿಗೆಯ ತುದಿಗೆ ಬರಬೇಕಾದರೆ ನಮ್ಮೂರಿನ ಲೆಕ್ಕಕ್ಕೆ ಕಟ್ಟಿಹಾಕಬೇಕು. ಹಾಸನ ಜಿಲ್ಲೆಯ ಜನಸಂಖ್ಯೆ 2011ರ ಜನಗಣತಿಯಲ್ಲಿ 17.76 ಲಕ್ಷ, ಅಂದರೆ ಒಂದು ಮುಕ್ಕಾಲು ಮಿಲಿಯನ್ನಿಗೆ ತುಸು ಹೆಚ್ಚು. ಫಿನ್‌ಲ್ಯಾಂಡಿನದು ಸುಮಾರು ಐದೂವರೆ ಮಿಲಿಯನ್, ಅಂದರೆ ಮೂರು ಹಾಸನ ಜಿಲ್ಲೆಗಳು. ಭೂತಾನ್ ಎಂಟು ಲಕ್ಷವನ್ನೂ ಮುಟ್ಟುವುದಿಲ್ಲ, ನಮ್ಮ ಅರ್ಧ ಜಿಲ್ಲೆಗೂ ಕಡಿಮೆ. ಭಾರತ 1.4 ಬಿಲಿಯನ್. ಈ ನಾಲ್ಕನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿ ಅಭ್ಯಾಸವಾದರೆ ಉಳಿದವು ತಾವಾಗಿ ಕೂರುತ್ತವೆ. ಜೊತೆಗೆ ವಾದಕ್ಕೊಂದು ಅಸ್ತ್ರವೂ ಸಿಗುತ್ತದೆ: ಮೂರು ಜಿಲ್ಲೆಯಷ್ಟು ಜನರಿರುವ ದೇಶವನ್ನು 140 ಕೋಟಿಯ ದೇಶದ ಜೊತೆ ಒಂದೇ ಪಟ್ಟಿಯಲ್ಲಿ ನಿಲ್ಲಿಸುವುದು ಎಷ್ಟು ಸರಿ?

ಥರ್ಟೀನ್, ಥರ್ಟಿ ಎಂಬಂಥ ಜೋಡಿಗಳಲ್ಲಿ ಕೊನೆಯ ನಕಾರಕ್ಕೆ ಕಾಯಬೇಡಿ, ಅದು ಮಾತಿನ ಓಟದಲ್ಲಿ ಮಾಯವಾಗುತ್ತದೆ. ಒತ್ತು ಎಲ್ಲಿದೆ ನೋಡಿ. ಬಿಡಿಯಾಗಿ ಹೇಳುವಾಗ 13ರಲ್ಲಿ ಒತ್ತು ಹಿಂದೆ, 30ರಲ್ಲಿ ಮುಂದೆ. ದಶಾಂಶದ ಮೇಲೂ ಕಣ್ಣಿರಲಿ. ಪಾಯಿಂಟ್ ಆದ ಮೇಲೆ ಅಂಕಿಗಳನ್ನು ಒಂದೊಂದಾಗಿ ಹೇಳುತ್ತಾರೆ. ಫಿನ್‌ಲ್ಯಾಂಡಿನ 2025ರ ಅಂಕ 7.736. ಅದು ಸೆವೆನ್ ಪಾಯಿಂಟ್ ಸೆವೆನ್ ತ್ರೀ ಸಿಕ್ಸ್.

ಮೂರನೆಯ ದಿನ: ಪೆನ್ನು ಹಿಡಿಯಿರಿ

ಒಂದು ನಿಮಿಷದ ಭಾಗ ಆರಿಸಿಕೊಂಡು, ವಾಕ್ಯಕ್ಕೊಮ್ಮೆ ನಿಲ್ಲಿಸಿ, ಕೇಳಿದ್ದನ್ನು ಬರೆಯಿರಿ. ಪ್ರಾಥಮಿಕ ಶಾಲೆಯ ಉಕ್ತಲೇಖನವೇ ಇದು, ನಾಚಿಕೆ ಬೇಡ. ಆಮೇಲೆ ಲಿಖಿತ ರೂಪದ ಪಕ್ಕದಲ್ಲಿಟ್ಟು ಕೆಂಪು ಶಾಯಿಯಲ್ಲಿ ತಿದ್ದಿ. ತಪ್ಪಿದ ಪದಗಳಲ್ಲಿ ಬಹುಪಾಲು ನಿಮಗೆ ಗೊತ್ತಿರುವ ಪದಗಳೇ ಆಗಿರುತ್ತವೆ. ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಅದರ ಪಾಲು ಸಲ್ಲುತ್ತದೆ. ಇಂಗ್ಲಿಷರು ಒತ್ತು ಬಿದ್ದ ಅಕ್ಷರವನ್ನು ಉಳಿಸಿ ಉಳಿದವನ್ನು ನುಂಗುತ್ತಾರೆ. ಅಂಡ್ ಎಂಬುದು ಬರಿಯ ನಕಾರವಾಗುತ್ತದೆ. ಗವರ್ನ್‌ಮೆಂಟ್‌ನಲ್ಲಿ ನಡುವಿನ ನಕಾರ ಬೀಳುತ್ತದೆ. ಕಂಫರ್ಟಬಲ್ ನಾಲ್ಕರಿಂದ ಮೂರು ತುಂಡಾಗುತ್ತದೆ. ಆಸ್ಕ್ಡ್ ಎಂಬಲ್ಲಿ ಕೊನೆಯದು ಡಕಾರವಲ್ಲ, ಟಕಾರ. ಇಂಥವನ್ನು ಪುಸ್ತಕದ ಹಿಂಬದಿಯಲ್ಲಿ ಕನ್ನಡ ಲಿಪಿಯಲ್ಲೇ ಬರೆದಿಟ್ಟುಕೊಳ್ಳಿ. ಕನ್ನಡ ಲಿಪಿಯಲ್ಲಿ ಇಂಗ್ಲಿಷ್ ಬರೆಯಬಾರದೆಂದು ಗದರುವ ಮೇಷ್ಟರ ಮಾತನ್ನು ಈ ಮಟ್ಟಿಗೆ ಕೇಳಬೇಡಿ. ಉಚ್ಚಾರವನ್ನು ಇದ್ದಂತೆ ಹಿಡಿಯಲು ನಮ್ಮ ಲಿಪಿಯೇ ಇಂಗ್ಲಿಷಿನ ಕಾಗುಣಿತಕ್ಕಿಂತ ವಾಸಿ.

ನಾಲ್ಕು, ಐದು: ಹಿಂದೆಯೇ ನುಡಿಯಿರಿ

ಅದೇ ಒಂದು ನಿಮಿಷವನ್ನು ಹಚ್ಚಿ, ಮಾತನಾಡುವವರ ಹಿಂದೆ ಅರ್ಧ ಸೆಕೆಂಡಿನ ಅಂತರದಲ್ಲಿ ನೀವೂ ಹೇಳುತ್ತ ಹೋಗಿ. ಅರ್ಥದ ಚಿಂತೆ ಬೇಡ, ಏರಿಳಿತ ಬಂದರೆ ಸಾಕು. ಮನೆಯಲ್ಲಿ ಸಂಕೋಚವಾದರೆ ಬೆಳಿಗ್ಗೆ ಮಹಾರಾಜ ಪಾರ್ಕಿಗೆ ಹೋಗಿ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಒಬ್ಬರೇ ಮಾತನಾಡುವವರನ್ನು ಈಗ ಯಾರೂ ತಿರುಗಿ ನೋಡುವುದಿಲ್ಲ, ಫೋನಿನಲ್ಲಿದ್ದಾರೆ ಎಂದುಕೊಳ್ಳುತ್ತಾರೆ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಬ್ರಿಟಿಷರಂತೆ ಕೇಳಿಸಬೇಕು ಎಂಬ ಹಟ ಮಾತ್ರ ಬೇಡ. ಹಾಸನದ ಇಂಗ್ಲಿಷ್ ಹಾಸನದ್ದೇ ಆಗಿರಲಿ, ಎದುರಿನವರಿಗೆ ತಿಳಿದರಾಯಿತು.

ಕೊನೆಯ ಎರಡು ದಿನ: ವಾದಕ್ಕೆ ಇಳಿಯಿರಿ

ನಿಜವಾದ ಪಾಠ ಇದೇ, ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ. ಇಬ್ಬರೋ ಮೂವರೋ ಗೆಳೆಯರು ಸೇರಿ. ಮೊದಲು ಏಣಿಯ ಪ್ರಶ್ನೆಯನ್ನು ಒಬ್ಬರಿಗೊಬ್ಬರು ಇಂಗ್ಲಿಷಿನಲ್ಲಿ ಕೇಳಿ. ಆರು ಎಂದವರು ಏಕೆ ಏಳಲ್ಲ, ಏಕೆ ಐದಲ್ಲ ಎಂದು ಮೂರು ವಾಕ್ಯಗಳಲ್ಲಿ ಹೇಳಬೇಕು. ಸಣ್ಣ ಪ್ರಶ್ನೆಯಂತೆ ಕಾಣುತ್ತದೆ. ಉತ್ತರಿಸಲು ಹೊರಟರೆ ಸಾಲ, ಕೆಲಸ, ಅಪ್ಪನ ಮಂಡಿನೋವು, ಶುಂಠಿಯ ಬೆಲೆ ಎಲ್ಲವೂ ಬಂದು ನಿಲ್ಲುತ್ತವೆ. ನಿಮ್ಮದೇ ಬದುಕನ್ನು ಹೇಳುವ ಆ ವಾಕ್ಯಗಳು ನಾಳೆ ಸಂದರ್ಶನದಲ್ಲೂ ಬೇಕಾದವು.

ಆಮೇಲೆ 2025ರ ವರದಿಯಿಂದಲೇ ಎರಡು ವಿಷಯ ಎತ್ತಿಕೊಳ್ಳಿ. ಒಂದು, ಕಳೆದುಹೋದ ಪರ್ಸ್. ಬಿದ್ದ ಪರ್ಸ್ ಮರಳಿ ಸಿಗುತ್ತದೆ ಎಂದು ನಂಬುವವರು ಹೆಚ್ಚು ಸಂತೋಷದಿಂದಿರುತ್ತಾರೆ, ಜನ ಅಂದುಕೊಂಡದ್ದಕ್ಕಿಂತ ಹೆಚ್ಚು ಪರ್ಸುಗಳು ನಿಜವಾಗಿಯೂ ಮರಳಿ ಬರುತ್ತವೆ ಎನ್ನುತ್ತದೆ ವರದಿ. ಹಾಸನದ ಬಸ್ ನಿಲ್ದಾಣದಲ್ಲಿ ಬಿದ್ದರೆ? ಒಬ್ಬರು ಸಿಗುತ್ತದೆ ಎಂದು, ಇನ್ನೊಬ್ಬರು ಸಿಗುವುದಿಲ್ಲ ಎಂದು ವಾದಿಸಲಿ. ಐದು ನಿಮಿಷವಾದ ಮೇಲೆ ಪಕ್ಷ ಬದಲಿಸಿ. ಎರಡು, ಜೊತೆಯಾಗಿ ಉಣ್ಣುವುದು. ಅಮೆರಿಕದಲ್ಲಿ 2023ರಲ್ಲಿ ನಾಲ್ವರಲ್ಲಿ ಒಬ್ಬರು ಹಿಂದಿನ ದಿನದ ಎಲ್ಲ ಊಟವನ್ನೂ ಒಬ್ಬರೇ ಮಾಡಿದ್ದಾಗಿ ಹೇಳಿದ್ದರು. ಪಿ.ಜಿ.ಗಳಲ್ಲಿ ಇರುವವರಿಗೆ ಈ ಬಗ್ಗೆ ಹೇಳಲು ಬೇಕಾದಷ್ಟಿರುತ್ತದೆ.

ವಾದದ ನಡುವೆ ಕನ್ನಡ ಬಂದರೆ ದಂಡ ಹಾಕುವ ಪದ್ಧತಿ ಕೆಲವೆಡೆ ಇದೆ. ನನಗೆ ಅದು ಹಿಡಿಸುವುದಿಲ್ಲ. ಬಾಯಿ ಕಟ್ಟಿದವರಿಗೆ ಇನ್ನಷ್ಟು ಕಟ್ಟು ಬಿಗಿದಂತೆ. ಸಿಕ್ಕದ ಪದವನ್ನು ಕನ್ನಡದಲ್ಲಿ ಹೇಳಿ ಮುಂದೆ ಸಾಗಿ, ಅದನ್ನು ಚೀಟಿಯಲ್ಲಿ ಗುರುತು ಹಾಕಿಕೊಂಡು ಆಮೇಲೆ ಹುಡುಕಿ. ನಿಮಗೆ ಬೇಕಾದ ಪದಗಳ ಪಟ್ಟಿ ಇದರಿಂದ ತಾನೇ ಬೆಳೆಯುತ್ತದೆ. ಅಂಗಡಿಯಲ್ಲಿ ಸಿಗುವ ಸಾವಿರ ಪದಗಳ ಪುಸ್ತಕಕ್ಕಿಂತ ಅದು ಮೇಲು.

ಮುಂದಿನ ವಾರ ಇನ್ನೊಂದು ಸಂಚಿಕೆ ತೆಗೆದುಕೊಳ್ಳಿ, ಆದರೆ ವಿಷಯ ಬದಲಿಸಬೇಡಿ. ಸರ್ವೇ, ರ‍್ಯಾಂಕ್, ಆದಾಯ, ನಂಬಿಕೆ, ಆರೋಗ್ಯದ ಸುತ್ತಲಿನ ಪದಗಳೇ ಮತ್ತೆ ಮತ್ತೆ ಬರುವುದರಿಂದ ಎರಡನೆಯದು ಮೊದಲಿನದಕ್ಕಿಂತ ಬೇಗ ಬಿಚ್ಚಿಕೊಳ್ಳುತ್ತದೆ. ನಾಲ್ಕಾರು ಸಂಚಿಕೆಗಳಾದ ಮೇಲೆ ಆಕಾಶವಾಣಿಯ ಇಂಗ್ಲಿಷ್ ವಾರ್ತೆಯನ್ನೂ ಸೇರಿಸಿಕೊಳ್ಳಿ, ನಮ್ಮ ದೇಶದ ಉಚ್ಚಾರವೂ ಕಿವಿಗೆ ಬೇಕು. ಮಾರ್ಚ್ ಮೂರನೆಯ ವಾರವನ್ನು ಮಾತ್ರ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿರಿ. ಹೊಸ ಪಟ್ಟಿ ಹೊರಬೀಳುವ ಆ ದಿನಗಳಲ್ಲಿ ಇದೇ ವಿಷಯದ ಮೇಲೆ ಬೇಕಾದಷ್ಟು ಹೊಸ ಸಂಚಿಕೆಗಳು ಬರುತ್ತವೆ.