ಬಡಾವಣೆ ಸಂಘದ ತಿಂಗಳ ಹಾಳೆ ಬರೆಯುವ ಬಗೆ

ನಾನು ನೌಕರಿ ಮಾಡಿದ್ದು ತುಮಕೂರಿನ ಸರ್ಕಾರಿ ಕಚೇರಿಯೊಂದರ ಟಪಾಲು ವಿಭಾಗದಲ್ಲಿ. ಜನ ತರುವ ಮನವಿಗೆ ಸೀಲು ಹೊಡೆದು, ನಂಬರು ಬರೆದು, ಆಯಾ ಮೇಜಿಗೆ ದಾಟಿಸುವುದು ನನ್ನ ಕೆಲಸ. ಯಾವ ಅರ್ಜಿ ಮುಂದೆ ಹೋಗುತ್ತದೆ, ಯಾವುದು ಬೀರುವಿನಲ್ಲಿ ಕೂತು ಹಳದಿಯಾಗುತ್ತದೆ ಅಂತ ಮೊದಲ ಪ್ಯಾರಾ ಓದುವಾಗಲೇ ಗೊತ್ತಾಗುತ್ತಿತ್ತು. ನಿವೃತ್ತಿಯಾದ ಮೇಲೆ ಕ್ಯಾತ್ಸಂದ್ರದ ಕಡೆಯ ನಮ್ಮ ಬಡಾವಣೆಯವರು "ಮೇಡಂ, ಹೆಂಗೂ ಮನೇಲೇ ಇರ್ತೀರಲ್ಲ" ಅಂತ ನಿವಾಸಿಗಳ ಸಂಘಕ್ಕೆ ಕಾರ್ಯದರ್ಶಿ ಮಾಡಿಬಿಟ್ಟರು. ಈಗ ಬೇರೆ ಬಡಾವಣೆಯವರೂ ಬಂದು, ನಿಮ್ಮ ಸಭೆಗೆ ಜನ ಹೇಗೆ ಬರ್ತಾರೆ ಅಂತ ಕೇಳುತ್ತಾರೆ. ತಿಂಗಳಿಗೊಂದು ಹಾಳೆ ಹಂಚುತ್ತೇವೆ, ಅದನ್ನು ಓದಿ ಬರುತ್ತಾರೆ. ಹಾಳೆ ಮಾಡುವುದು ಹೇಗೆ ಅನ್ನುವುದಷ್ಟೇ ಇಲ್ಲಿನ ವಿಷಯ.

ಸಂಘವೇ ಇನ್ನೂ ಇಲ್ಲದಿದ್ದರೆ ಮೊದಲು ನೋಂದಣಿ ಮುಗಿಸಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಕನಿಷ್ಠ 7 ಜನ ಸಾಕು. ಬೈಲಾ, ಅಂದರೆ ಸಂಘದ ನಿಯಮಾವಳಿ, ಬರೆಯುವಾಗ ಒಂದು ಮಾತು ನೆನಪಿಡಿ: ಸದಸ್ಯತ್ವ ಸೈಟು ಮಾಲೀಕರಿಗೆ ಮಾತ್ರ ಅಂತ ಹಾಕಬೇಡಿ, ಬಾಡಿಗೆಗೆ ಇರುವವರಿಗೂ ಇರಲಿ. ನಮ್ಮೂರಿನ ಅನೇಕ ಬಡಾವಣೆಗಳಲ್ಲಿ ಮಾಲೀಕರು ಇರುವುದು ಬೆಂಗಳೂರಿನಲ್ಲಿ. ಇಲ್ಲಿ ಕೊಡ ಹಿಡಿದು ನಲ್ಲಿ ಮುಂದೆ ನಿಲ್ಲುವವರು ಬಾಡಿಗೆಯವರು. ಅವರನ್ನು ಬಿಟ್ಟು ಸಂಘ ಕಟ್ಟಿದರೆ ಸಭೆಯಲ್ಲಿ ಕುರ್ಚಿಗಳಷ್ಟೇ ಇರುತ್ತವೆ.

ಇನ್ನು ಹಾಳೆ. ಎ4 ಅಳತೆಯ ಒಂದೇ ಹಾಳೆ, ಎರಡು ಮಗ್ಗುಲು. ಎರಡನೇ ಹಾಳೆಗೆ ಹೋದರೆ ಯಾರೂ ಓದುವುದಿಲ್ಲ. ಮುಂದಿನ ಮಗ್ಗುಲು ಪೂರ್ತಿ ದೂರುಗಳಿಗೆ ಮೀಸಲು. ಅಧ್ಯಕ್ಷರ ಸಂದೇಶ, ಹಬ್ಬದ ಶುಭಾಶಯ, ಸನ್ಮಾನದ ಫೋಟೊ ಯಾವುದೂ ಅಲ್ಲಿಗೆ ಬೇಡ. ಜನ ಮೊದಲು ಹುಡುಕುವುದು ತಮ್ಮ ಅಡ್ಡರಸ್ತೆಯ ನಂಬರನ್ನು. ಅದು ಸಿಕ್ಕರೆ ಮಿಕ್ಕಿದ್ದನ್ನೂ ಓದುತ್ತಾರೆ.

ಬಹಳ ಸಂಘಗಳ ವರದಿ ಹೀಗಿರುತ್ತದೆ: "ಬೀದಿದೀಪದ ಸಮಸ್ಯೆಯನ್ನು ಅಧಿಕಾರಿಗಳ ಗಮನಕ್ಕೆ ತರಲಾಗಿದೆ." ಯಾವ ದೀಪ, ಯಾವ ಅಧಿಕಾರಿ, ಯಾವತ್ತು ತಂದದ್ದು? ಓದಿದವರಿಗೆ ಏನೂ ತಿಳಿಯುವುದಿಲ್ಲ. ನಾವು ಬರೆಯುವ ಮಾದರಿ ಇದು:

"4ನೇ ಅಡ್ಡರಸ್ತೆ, ಹಾಲಿನ ಬೂತ್ ಎದುರಿನ ಕಂಬ, ದೀಪ ಉರಿಯುತ್ತಿಲ್ಲ. 6ನೇ ತಾರೀಖು ಪಾಲಿಕೆಗೆ ಅರ್ಜಿ ಕೊಟ್ಟಿದೆ, ಸ್ವೀಕೃತಿ ಕಾರ್ಯದರ್ಶಿ ಬಳಿ ಇದೆ. 14ಕ್ಕೆ ವಿಚಾರಿಸಿದಾಗ ಸಾಮಾನು ಬಂದಿಲ್ಲ ಎಂದರು. 20ಕ್ಕೆ ಮತ್ತೆ ಹೋಗಬೇಕು. ಆ ರಸ್ತೆಯಿಂದ ಇಬ್ಬರು ಜೊತೆಗೆ ಬರಬೇಕು."

ಜೀವ ಇರುವುದು ಕೊನೆಯ ಸಾಲಿನಲ್ಲಿ. "ಎಲ್ಲರೂ ಸಹಕರಿಸಿ" ಅಂದರೆ ಯಾರೂ ಬರುವುದಿಲ್ಲ. ಇಂಥ ರಸ್ತೆಯಿಂದ ಇಬ್ಬರು, ಇಂಥ ತಾರೀಖು, ಹತ್ತೂವರೆಗೆ ಪಾಲಿಕೆ ಗೇಟಿನ ಹತ್ತಿರ ಅಂದರೆ ಬರುತ್ತಾರೆ. ಹಾಗೆ ಒಮ್ಮೆ ಕಚೇರಿ ಮೆಟ್ಟಿಲು ಹತ್ತಿ ಬಂದವರು ಮುಂದಿನ ಸಭೆಯಲ್ಲಿ ಮುಂದಿನ ಸಾಲಿನಲ್ಲೇ ಕೂತಿರುತ್ತಾರೆ. ಕೆಲಸ ಆಗದಿದ್ದರೂ ಆಗಿಲ್ಲ ಅಂತಲೇ ಅಚ್ಚು ಹಾಕಿ. ಆಗಿದ್ದನ್ನಷ್ಟೇ ಬರೆಯುವ ಹಾಳೆಯನ್ನು ನಮ್ಮ ಜನ ಎರಡನೇ ತಿಂಗಳಿಗೇ ನಂಬುವುದು ಬಿಡುತ್ತಾರೆ.

ಇಷ್ಟು ಬರೆಯಬೇಕಾದರೆ ಅರ್ಜಿ ಸರಿಯಾಗಿ ಹೋಗಿರಬೇಕು. ಇದು ನನ್ನ ಹಳೇ ಕಸುಬು, ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಒಂದು ಅರ್ಜಿಗೆ ಒಂದೇ ವಿಷಯ. ಚರಂಡಿ, ದೀಪ, ನಾಯಿ, ಪಾರ್ಕು ಎಲ್ಲವನ್ನೂ ಒಂದೇ ಹಾಳೆಯಲ್ಲಿ ತುಂಬಿದರೆ ಅದನ್ನು ಯಾವ ವಿಭಾಗಕ್ಕೆ ಕಳಿಸಬೇಕು ಅಂತ ಟಪಾಲಿನವರಿಗೆ ತಿಳಿಯುವುದಿಲ್ಲ. ಯಾವುದೋ ಒಂದಕ್ಕೆ ಹಾಕುತ್ತಾರೆ, ಮಿಕ್ಕ ಮೂರು ಅಲ್ಲೇ ಸಾಯುತ್ತವೆ. ಮೇಲುಗಡೆಯೇ ವಾರ್ಡ್ ನಂಬರು ಬರೆಯಿರಿ. ತುಮಕೂರು ಪಾಲಿಕೆಯಲ್ಲಿ 35 ವಾರ್ಡುಗಳಿವೆ, ಬಡಾವಣೆ ಹೆಸರು ಹೇಳಿದ ಮಾತ್ರಕ್ಕೆ ಗುಮಾಸ್ತರಿಗೆ ಜಾಗ ಹೊಳೆಯುವುದಿಲ್ಲ. ಕಂಬವಾದರೆ ಕಂಬದ ನಂಬರು, ಒಳಚರಂಡಿ ಚೇಂಬರ್ ಆದರೆ ಎದುರಿನ ಮನೆಯ ಗುರುತು ಇರಲಿ. ಎರಡು ಪ್ರತಿ ಒಯ್ದು, ಒಂದರ ಮೇಲೆ ಸೀಲು, ತಾರೀಖು, ನಂಬರು ಹಾಕಿಸಿಕೊಂಡೇ ಹೊರಡಿ. "ಇಟ್ಟು ಹೋಗಿ, ನೋಡ್ತೀವಿ" ಅಂದರೆ ಅಲ್ಲೇ ನಿಂತಿರಿ. ಸೀಲಿಲ್ಲದ ಅರ್ಜಿಯನ್ನು ಕೊಟ್ಟೇ ಇಲ್ಲ ಅಂತ ಲೆಕ್ಕ.

ಯಾವ ಬಾಗಿಲು ತಟ್ಟಬೇಕು ಅನ್ನುವುದನ್ನು ಹಾಳೆಯ ಹಿಂದಿನ ಮಗ್ಗುಲಲ್ಲಿ ಪ್ರತಿ ತಿಂಗಳೂ ಹಾಕುತ್ತೇವೆ. ಬೀದಿದೀಪ, ಕಸ, ನೀರು, ಒಳಚರಂಡಿ ಪಾಲಿಕೆಗೆ. ತಂತಿ ಜೋತುಬಿದ್ದರೆ, ಟ್ರಾನ್ಸ್‌ಫಾರ್ಮರ್ ಕಿಡಿ ಹಾರಿದರೆ ಬೆಸ್ಕಾಂನ ಸಹಾಯವಾಣಿ 1912. ಯಾವ ಇಲಾಖೆ ಅಂತಲೇ ತಿಳಿಯದಿದ್ದರೆ ಸರ್ಕಾರದ ಜನಸ್ಪಂದನ 1902. ಇದಕ್ಕೂ ಮುಂಚೆ ತಿಳಿದುಕೊಳ್ಳಬೇಕಾದ ಪ್ರಶ್ನೆ ಒಂದಿದೆ: ನಿಮ್ಮ ಬಡಾವಣೆ ಪಾಲಿಕೆಗೆ ಹಸ್ತಾಂತರವಾಗಿದೆಯೇ? ಖಾಸಗಿಯವರು ಮಾಡಿದ ಲೇಔಟ್ ಹಸ್ತಾಂತರವಾಗದೆ ಉಳಿದಿದ್ದರೆ "ಇದು ನಮ್ಮ ವ್ಯಾಪ್ತಿಗೆ ಬರಲ್ಲ" ಅನ್ನುವ ಉತ್ತರ ವರ್ಷಗಟ್ಟಲೆ ಬರುತ್ತಿರುತ್ತದೆ. ಆಗ ನಗರಾಭಿವೃದ್ಧಿ ಪ್ರಾಧಿಕಾರ ಒಪ್ಪಿದ ನಕ್ಷೆಯ ಪ್ರತಿ ತೆಗೆಸಿ. ಪಾರ್ಕು ಎಲ್ಲಿ, ಸಿ.ಎ. ಸೈಟು (ಸಾರ್ವಜನಿಕ ಸೌಲಭ್ಯಕ್ಕೆ ಬಿಟ್ಟ ಜಾಗ) ಯಾವುದು ಅಂತ ಅದರಲ್ಲಿರುತ್ತದೆ. ಪಾರ್ಕಿನ ಜಾಗಕ್ಕೆ ಯಾರಾದರೂ ಬೇಲಿ ಹಾಕಿದರೆ 1985ರ ಉದ್ಯಾನ, ಆಟದ ಮೈದಾನ ಮತ್ತು ತೆರೆದ ಜಾಗಗಳ ಸಂರಕ್ಷಣಾ ಕಾಯ್ದೆಯನ್ನು ಅರ್ಜಿಯಲ್ಲಿ ಹೆಸರಿಸಬಹುದು. ನಕ್ಷೆ ಕೈಯಲ್ಲಿಲ್ಲದೆ ಪಾರ್ಕಿನ ಜಗಳಕ್ಕೆ ಇಳಿಯಬೇಡಿ.

ಉತ್ತರವೇ ಬಾರದಿದ್ದರೆ ಮಾಹಿತಿ ಹಕ್ಕು. 10 ರೂಪಾಯಿ ಶುಲ್ಕ, ಉತ್ತರ ಕೊಡಲು ಅವರಿಗೆ 30 ದಿನ ಗಡುವು. ನಮ್ಮ ರಾಜ್ಯದಲ್ಲಿ ಅರ್ಜಿ 150 ಪದ ಮೀರಬಾರದು, ವಿಷಯವೂ ಒಂದೇ ಇರಬೇಕು. "ಯಾಕೆ ಕೆಲಸ ಮಾಡಿಲ್ಲ" ಅಂತ ಕೇಳಬೇಡಿ, ಅದಕ್ಕೆ ಉತ್ತರ ಸಿಗದು. "ಇಂಥ ದಿನ, ಇಂಥ ನಂಬರಿನಲ್ಲಿ ಸ್ವೀಕರಿಸಿದ ಅರ್ಜಿಯ ಮೇಲೆ ಕೈಗೊಂಡ ಕ್ರಮದ ಕಡತದ ಪ್ರತಿ ಕೊಡಿ" ಅನ್ನಿ. ಆಗ ಕಡತ ಹುಡುಕಲೇಬೇಕು, ಹುಡುಕಿದವರು ಓದಲೇಬೇಕು. ಎಷ್ಟೋ ಸಲ ಪ್ರತಿಗಿಂತ ಮುಂಚೆ ಲೈನ್‌ಮನ್ನೇ ಬಂದುಬಿಡುತ್ತಾನೆ. ಸೀಲು ಹಾಕಿಸಿದ ಪ್ರತಿ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಕಸದ ವಿಷಯದಲ್ಲಿ ಉಪದೇಶ ಬರೆಯಬೇಡಿ. ಮೂಲದಲ್ಲೇ ಬೇರೆ ಮಾಡಬೇಕು ಅಂತ ಘನತ್ಯಾಜ್ಯ ನಿಯಮಗಳಲ್ಲೇ ಇದೆ, ಹಸಿ ಕಸ ಒಣ ಕಸ ಅಂತ ಗಾಡಿಯವರೂ ದಿನಾ ಕೂಗುತ್ತಾರೆ. ಹಾಳೆಯಲ್ಲಿ ನಾವು ಬರೆದದ್ದು, ನಮ್ಮ ಕಸ ಅಜ್ಜಗೊಂಡನಹಳ್ಳಿ ಘಟಕಕ್ಕೆ ಹೋಗುತ್ತದೆ, ಡೈಪರು ಪ್ಲಾಸ್ಟಿಕ್ಕು ಬೆರೆತ ಹಸಿ ಕಸದಿಂದ ಒಳ್ಳೇ ಗೊಬ್ಬರ ಆಗುವುದಿಲ್ಲ, ಅದನ್ನು ಕೈಯಲ್ಲಿ ಬಿಡಿಸುವವರು ಪೌರಕಾರ್ಮಿಕರು ಅಂತ. ಜೊತೆಗೆ ಗಾಡಿ ಯಾವ ರಸ್ತೆಗೆ ಎಷ್ಟು ಹೊತ್ತಿಗೆ ಬರುತ್ತದೆ ಅನ್ನುವ ಪಟ್ಟಿ. ಆ ಪಟ್ಟಿಗಾಗಿಯೇ ಹಾಳೆಯನ್ನು ಫ್ರಿಜ್ಜಿಗೆ ಅಂಟಿಸಿಕೊಂಡವರಿದ್ದಾರೆ.

ನೀರಿನ ಸುದ್ದಿಗೂ ಒಂದು ಮೂಲೆ ಇರಲಿ. ಊರಿಗೆ ಬರುವುದು ಹೇಮಾವತಿ ನೀರು, ಬುಗುಡನಹಳ್ಳಿ ಕೆರೆಯಲ್ಲಿ ನಿಂತು, ಶುದ್ಧವಾಗಿ ಬರಬೇಕು. ನಾಲೆ ನಿಂತರೆ, ಪಂಪು ಕೆಟ್ಟರೆ ಸರದಿ ಏರುಪೇರಾಗುತ್ತದೆ. ನೀರು ಬಿಡುವವರನ್ನು ಕೇಳಿ ಗೊತ್ತಿರುವಷ್ಟನ್ನೇ ಬರೆಯಿರಿ, ಗಾಳಿಮಾತು ಬೇಡ. ಸಭೆಯನ್ನಂತೂ ನೀರು ಬಿಡುವ ಹೊತ್ತಿಗೆ ಇಡಲೇಬಾರದು. ಹೆಂಗಸರು ಬರಬೇಕಾದರೆ ಭಾನುವಾರ ಸಂಜೆ ನಾಲ್ಕು ಗಂಟೆ ವಾಸಿ, ಮುಕ್ಕಾಲು ಗಂಟೆಯಲ್ಲಿ ಮುಗಿಸಿ.

ಹಂಚುವ ಕೆಲಸವನ್ನು ಒಬ್ಬರ ತಲೆಗೆ ಕಟ್ಟಬೇಡಿ. ರಸ್ತೆಗೊಬ್ಬರು ಸಾಕು, ಹೈಸ್ಕೂಲು ಮಕ್ಕಳಾದರೆ ಇನ್ನೂ ಒಳ್ಳೆಯದು, ಅವರು ಗೇಟಿನೊಳಗೆ ಎಸೆಯದೆ ಬೆಲ್ಲು ಮಾಡಿ ಕೊಡುತ್ತಾರೆ. ಹಾಲಿನ ಬೂತ್, ಹಿಟ್ಟಿನ ಗಿರಣಿ, ದಿನಸಿ ಅಂಗಡಿಗೆ ಒಂದೊಂದು ಅಂಟಿಸಿ. ವಾಟ್ಸಾಪಿನಲ್ಲೂ ಹಾಕುತ್ತೇವೆ, ಆದರೆ ಅಡ್ಮಿನ್ ಮಾತ್ರ ಬರೆಯುವ ಗುಂಪಿನಲ್ಲಿ. ಗುಡ್ ಮಾರ್ನಿಂಗ್ ಗುಲಾಬಿಗಳಿಗೆ, ನಾಯಿ ಜಗಳಕ್ಕೆ ಬೇರೆ ಗುಂಪಿದೆ. ಅದನ್ನು ನಾನು ನೋಡುವುದಿಲ್ಲ.

ಝೆರಾಕ್ಸ್ ಖರ್ಚಿಗೆ ಬಡಾವಣೆಯ ಅಂಗಡಿಯವರ ಒಂದು ಸಾಲಿನ ಜಾಹೀರಾತು ಪಡೆಯಬಹುದು, ರಸೀದಿ ಕೊಡಿ. ಚುನಾವಣೆ ಹತ್ತಿರ ಬಂದಾಗ "ಪೂರ್ತಿ ಖರ್ಚು ನಂದು ಅಕ್ಕ, ಒಂದು ಫೋಟೊ ಹಾಕಿ ಸಾಕು" ಅಂತ ಬರುವವರಿರುತ್ತಾರೆ. ಟೀ ಕೊಟ್ಟು ಕಳಿಸಿ. ಪಾಲಿಕೆಯ ವಾರ್ಡ್ ಸಮಿತಿಯಲ್ಲಿ ನಿವಾಸಿ ಸಂಘಗಳ ಪ್ರತಿನಿಧಿಗಳಿಗೂ ಪಾಲಿಕೆ ಕಾಯ್ದೆಯಲ್ಲಿ ಜಾಗವಿದೆ. ನಾಳೆ ಅಲ್ಲಿ ಕೂತು ಮಾತಾಡಬೇಕಾದವರ ಹಾಳೆ ಯಾರೊಬ್ಬರದೂ ಆಗಿರಬಾರದು. ವಂತಿಗೆ ಬಾಕಿ ಇರುವವರ ಹೆಸರೂ ಅಚ್ಚಾಗಬಾರದು. ಒಟ್ಟು ಬಂದದ್ದೆಷ್ಟು, ಹೋದದ್ದೆಷ್ಟು ಅನ್ನುವ ಎರಡು ಸಾಲು ಸಾಕು.

ವರ್ಷದ ಸರ್ವಸದಸ್ಯರ ಸಭೆ ಆದ 14 ದಿನದೊಳಗೆ ಆಡಳಿತ ಮಂಡಳಿಯ ಪಟ್ಟಿ ಮತ್ತು ಲೆಕ್ಕಪರಿಶೋಧನೆಯಾದ ಜಮಾಖರ್ಚನ್ನು ಸಂಘಗಳ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಹನ್ನೆರಡು ತಿಂಗಳ ಹಾಳೆಗಳನ್ನು ಒಂದು ಫೈಲಿನಲ್ಲಿ ಹೊಲಿದು ಇಟ್ಟುಕೊಂಡಿದ್ದರೆ ಆ ವರ್ಷದ ವರದಿಗೆ ಬೇರೆ ಬರೆಯುವುದೇನೂ ಉಳಿಯುವುದಿಲ್ಲ. ಸಲ್ಲಿಸಿದ್ದಕ್ಕೂ ಒಂದು ಸೀಲು ಹಾಕಿಸಿಕೊಂಡು ಬನ್ನಿ.