ಮುಗಿಯದ ಥಂಬ್‌ನೇಲ್ ಕೆಲಸ: ತಪ್ಪು ಇದ್ದದ್ದು ಡಿಸ್ಕ್‌ನಲ್ಲಿ

ಹಳೆಯ ಫೋಟೋಗಳನ್ನೆಲ್ಲ ಫೋಟೋ ಜೋಡಿಸಿಡುವ ಒಂದೇ ಸಾಫ್ಟ್‌ವೇರ್‌ಗೆ ಸೇರಿಸಿದೆ, ಸುಮಾರು 40,000. ಥಂಬ್‌ನೇಲ್ (ಪ್ರತಿ ಫೋಟೋದ ಪುಟ್ಟ ಚಿತ್ರ) ಮಾಡುವುದು, ಮುಖ ಗುರುತಿಸುವುದು ಎಲ್ಲ ಹಿನ್ನೆಲೆಯಲ್ಲಿ ನಡೆಯುತ್ತಲೇ ಇತ್ತು. ಮೂರನೇ ದಿನವೂ ಶೇಕಡಾ 11 ದಾಟಲಿಲ್ಲ. ಬೇಜಾರಾಗಿಬಿಟ್ಟಿತ್ತು.

ಪ್ರೊಸೆಸರ್ ಸಾಲುತ್ತಿಲ್ಲ ಅಂದುಕೊಂಡಿದ್ದೆ. ಟಾಸ್ಕ್ ಮ್ಯಾನೇಜರ್ ತೆರೆದರೆ ಪ್ರೊಸೆಸರ್ ಹೆಚ್ಚುಕಡಿಮೆ ಸುಮ್ನೆ ಕೂತಿತ್ತು, ಡಿಸ್ಕ್ ಮಾತ್ರ ಶೇಕಡಾ 100ಕ್ಕೆ ಅಂಟಿಕೊಂಡಿತ್ತು. ಸಾಫ್ಟ್‌ವೇರ್‌ನ ಕ್ಯಾಟಲಾಗ್ (ಫೋಟೋಗಳ ಮಾಹಿತಿಯ ಪಟ್ಟಿ) ಮತ್ತು ಪ್ರಿವ್ಯೂ ಕ್ಯಾಶ್ (ತಯಾರಾದ ಥಂಬ್‌ನೇಲ್‌ಗಳನ್ನು ಇಡುವ ಜಾಗ) ಎರಡೂ ಫೋಟೋಗಳಿದ್ದ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ನಲ್ಲೇ ಇದ್ದವು! ತಿರುಗುವ ಡಿಸ್ಕ್ ಅಲ್ವಾ, ಫೋಟೋ ಓದಲು ಅದರ ಹೆಡ್ (ಓದಿ ಬರೆಯುವ ಭಾಗ) ಒಂದು ಕಡೆ ಹೋಗಬೇಕು, ಸಣ್ಣ ಸಣ್ಣ ಫೈಲ್ ಬರೆಯಲು ಇನ್ನೊಂದು ಕಡೆ. ಈ ಓಡಾಟದಲ್ಲೇ ಹೊತ್ತು ಜಾಸ್ತಿ ಹೋಗುತ್ತದೆ. ಕಿವಿಗೊಟ್ಟರೆ ಕಟಕಟ ಸದ್ದು ಕೇಳುತ್ತಿತ್ತು.

ಸಾಫ್ಟ್‌ವೇರ್ ಪೂರ್ತಿ ಮುಚ್ಚಿ, ಮೊದಲು ಬ್ಯಾಕಪ್ ತೆಗೆದೆ. ಇದನ್ನು ದಯವಿಟ್ಟು ಬಿಡಬೇಡಿ. ಆಮೇಲೆ ಕ್ಯಾಟಲಾಗ್, ಕ್ಯಾಶ್ ಎರಡನ್ನೂ ಲ್ಯಾಪ್‌ಟಾಪ್‌ನ ಎಸ್‌ಎಸ್‌ಡಿಗೆ (ತಿರುಗುವ ಭಾಗವಿಲ್ಲದ, ವೇಗದ ಡ್ರೈವ್) ಹಾಕಿ, ಸೆಟ್ಟಿಂಗ್ಸ್‌ನಲ್ಲಿ ಹೊಸ ಜಾಗ ತೋರಿಸಿದೆ. ಫೋಟೋಗಳು ಇದ್ದಲ್ಲೇ ಇವೆ. ಮುಖ ಗುರುತಿಸುವುದನ್ನು ತಾತ್ಕಾಲಿಕವಾಗಿ ನಿಲ್ಲಿಸಿದೆ.

ಬೆಳಗಾಗುವಷ್ಟರಲ್ಲಿ ಥಂಬ್‌ನೇಲ್ ಬಹುತೇಕ ಮುಗಿದಿತ್ತು. ಒಂದು ಫೋಲ್ಡರ್‌ನಲ್ಲಿ ಮಾತ್ರ ನಿಂತುಬಿಟ್ಟಿತ್ತು. ಅಲ್ಲಿ ಅರ್ಧಕ್ಕೇ ಕಾಪಿಯಾಗಿದ್ದ ಒಂದು ವಿಡಿಯೋ ಇತ್ತು. ಅದನ್ನು ಹೊರಗೆ ತೆಗೆದ ಕೂಡಲೇ ಉಳಿದದ್ದೂ ಸಾಗಿತು. ಮುಖ ಗುರುತಿಸುವುದನ್ನು ಈಗ ರಾತ್ರಿ ಹೊತ್ತು, ಚಾರ್ಜರ್ ಹಾಕಿ ಓಡಿಸುತ್ತಿದ್ದೇನೆ.