ಅಡ್ಡಹೆಸರಿನ ಮೂಲ ಹುಡುಕುವ ಬಗೆ: ಕಲಬುರಗಿ, ಬೀದರ, ಯಾದಗಿರಿ ಕಡೆಯವರಿಗೆ

ಹೆಸರಿನ ಅರ್ಥದಿಂದ ಶುರು ಮಾಡಬೇಡಿ. ನಮ್ಮ ಕಡೆ ಹೆಚ್ಚು ಜನ ದಾರಿ ತಪ್ಪುವುದು ಅಲ್ಲೇ. ‘ಮಾಲಿಪಾಟೀಲ’ರಿಗೂ ತೋಟದ ಮಾಲಿಗೂ ಸಂಬಂಧವಿಲ್ಲ. ಉರ್ದುವಿನಲ್ಲಿ ‘ಮಾಲ್’ ಎಂದರೆ ಕಂದಾಯ. ಊರಿನ ಕಂದಾಯ ನೋಡುತ್ತಿದ್ದವರು ಮಾಲಿಪಾಟೀಲರು, ಕಳವು-ಜಗಳ ನೋಡುತ್ತಿದ್ದವರು ಪೊಲೀಸ್‌ಪಾಟೀಲರು. ಲಿಂಗಾಯತರು, ಕುರುಬರು, ಮರಾಠರು, ಮುಸ್ಲಿಮರು ಎಲ್ಲರಲ್ಲೂ ಪಾಟೀಲರಿದ್ದಾರೆ. ಹಾಗಾಗಿ ಈ ಹೆಸರಿನಿಂದ ಜಾತಿಯೂ ತಿಳಿಯದು, ಬಳಗವೂ ತಿಳಿಯದು.

ಮೊದಲು ಮನೆಯ ಹಿರಿಯರನ್ನು ಕೇಳಿ, ಅದರಲ್ಲೂ ಅಜ್ಜಿಯರನ್ನು. ಯಾವ ಊರಿನಿಂದ ಯಾರನ್ನು ತಂದರು, ಯಾರನ್ನು ಎಲ್ಲಿಗೆ ಕೊಟ್ಟರು ಎಂಬುದು ಅವರ ಬಾಯಲ್ಲಿರುತ್ತದೆ. ಬೆಡಗು (ಕುಲದೊಳಗಿನ ವಂಶದ ಹೆಸರು) ಮತ್ತು ಮನೆದೇವರನ್ನು ಬರೆದುಕೊಳ್ಳಿ. ಮನೆದೇವರು ಖಾನಾಪುರದ ಮೈಲಾರ ಮಲ್ಲಣ್ಣನಂಥ ದೊಡ್ಡ ದೇವರಾದರೆ ಅದರಿಂದ ಹೆಚ್ಚು ಸುಳಿವು ಸಿಗದು, ಆತನಿಗೆ ಊರೂರಲ್ಲಿ ಒಕ್ಕಲಿದೆ. ಅಕ್ಕಪಕ್ಕದ ಊರಿನವರೂ ಅರಿಯದ ಸಣ್ಣ ಹಳ್ಳಿಯ ದೇವರಾದರೆ ಆ ಹಳ್ಳಿಗೆ ಹೋಗಲೇಬೇಕು. ಮೂಲ ಊರು ಅದೇ ಇರಬಹುದು.

ಊರಿನ ಹೆಸರೇ ಅಡ್ಡಹೆಸರಾಗಿದ್ದರೆ ಒಂದು ಮಾತು ನೆನಪಿರಲಿ: ಹಳ್ಳಿಖೇಡದಲ್ಲೇ ಇರುವವರನ್ನು ಯಾರೂ ಹಳ್ಳಿಖೇಡದವರು ಎಂದು ಕರೆಯುವುದಿಲ್ಲ. ಊರು ಬಿಟ್ಟು ಬೇರೆ ಕಡೆ ನೆಲೆಸಿದ ಮೇಲೆ ಅಂಟುವ ಹೆಸರು ಅದು. ಯಾವ ಹಳ್ಳಿಖೇಡ ಎಂಬುದನ್ನೂ ನೋಡಿ. ಹುಮನಾಬಾದ್ ಕಡೆ ಹಳ್ಳಿಖೇಡ (ಬಿ), ಹಳ್ಳಿಖೇಡ (ಕೆ) ಎರಡೂ ಇವೆ. ಬಿ ಎಂದರೆ ಬುಜುರ್ಗ್, ದೊಡ್ಡದು. ಕೆ ಎಂದರೆ ಖುರ್ದ್, ಸಣ್ಣದು. ಚಿಂಚೋಳಿ ಬೇರೆ, ಭಾಲ್ಕಿ ತಾಲೂಕಿನ ಖಟಕ ಚಿಂಚೋಳಿ ಬೇರೆ.

ಇನ್ನು ಕಾಗದ. ಹಳೆಯ ಸರ್ವೆ ನಂಬರ್ ಹಿಡಿದುಕೊಂಡು ತಹಸೀಲ್ ಕಚೇರಿಯ ರೆಕಾರ್ಡ್ ರೂಮಿನಲ್ಲಿ 1954-55ರ ಖಾಸ್ರಾ ಪಹಣಿಯ (ಹೊಲ ಯಾರದೆಂದು ತೋರಿಸುವ ಹಳೆಯ ದಾಖಲೆ) ನಕಲಿಗೆ ಅರ್ಜಿ ಕೊಡಿ. ಅದಕ್ಕೂ ಹಿಂದಿನದು ನಿಜಾಮರ ಕಾಲದ ಉರ್ದು ದಾಖಲೆ, ಫಸಲಿ (ಕಂದಾಯದ ಲೆಕ್ಕದ) ವರ್ಷದಲ್ಲಿರುತ್ತದೆ. ಹೈದರಾಬಾದಿನ ಫಸಲಿ ಅಕ್ಟೋಬರಿನಲ್ಲಿ ಶುರುವಾಗುತ್ತಿತ್ತು. ಡಿಸೆಂಬರ್‌ವರೆಗಿನ ದಿನಾಂಕವಾದರೆ ಫಸಲಿ ವರ್ಷಕ್ಕೆ 590 ಕೂಡಿಸಿ, ಜನವರಿಯಿಂದ ಮುಂದಿನದಾದರೆ 591; ಇಂಗ್ಲಿಷ್ ವರ್ಷ ಸಿಗುತ್ತದೆ. ಉದಾಹರಣೆಗೆ, ಜಾಗೀರು (ಕಂದಾಯದ ಹಕ್ಕಿನೊಂದಿಗೆ ನಿಜಾಮರು ಕೊಟ್ಟ ಊರುಗಳು) ರದ್ದಾದದ್ದು 1358 ಫಸಲಿಯಲ್ಲಿ, ಅಂದರೆ 1949ರ ಆಗಸ್ಟ್‌ನಲ್ಲಿ. ನಿಮ್ಮ ಊರು ಜಾಗೀರಿನಲ್ಲಿದ್ದರೆ ಅದಕ್ಕೆ ಹಿಂದಿನ ಲೆಕ್ಕ ತಹಸೀಲಿನಲ್ಲಿ ಸಿಗದಿರಬಹುದು. ಜಾಗೀರುದಾರರಿಗೆ ಅವರದೇ ಕಚೇರಿ ಇರುತ್ತಿತ್ತು.

ಆ ಕಾಗದದಲ್ಲಿ ಅಡ್ಡಹೆಸರು ಹುಡುಕಿದರೆ ಬಹಳ ಸಲ ಸಿಗುವುದೇ ಇಲ್ಲ. ‘ಬಸಪ್ಪ ವಲ್ದ್ ಮಲ್ಲಪ್ಪ’ ಎಂದಷ್ಟೇ ಇರುತ್ತದೆ. ವಲ್ದ್ ಎಂದರೆ ಮಗ. ಹಾಗಾಗಿ ಮುತ್ತಜ್ಜನ ಹೆಸರು, ಆತನ ತಂದೆಯ ಹೆಸರು, ಸರ್ವೆ ನಂಬರ್ ಮೂರೂ ಕೈಯಲ್ಲಿರಬೇಕು. ಉರ್ದು ಓದುವವರಿಗೆ ತೋರಿಸುವಾಗ ನೀವೇ ಹೆಸರು ಹೇಳಿಕೊಡಬೇಡಿ. ಆ ಲಿಪಿಯಲ್ಲಿ ಹ್ರಸ್ವ ಸ್ವರ ಬರೆಯುವುದಿಲ್ಲ, ಳ-ಲ ಭೇದವಿಲ್ಲ. ಕಲ್ಲೂರ, ಕುಳ್ಳೂರ ಎರಡನ್ನೂ ಒಂದೇ ರೀತಿ ಬರೆಯಬಹುದು. ನೀವು ಹೇಳಿದ ಹೆಸರೇ ಅವರ ಕಣ್ಣಿಗೂ ಕಾಣುತ್ತದೆ.

ಹೆಳವರು ಇನ್ನೂ ಬರುವ ಊರಾದರೆ ಅದು ಭಾಗ್ಯ. ತಲೆಮಾರುಗಳಿಂದ ಒಕ್ಕಲುಗಳ ವಂಶಾವಳಿ ಕಾಪಾಡಿ, ಮನೆಬಾಗಿಲಿಗೆ ಬಂದು ಹೇಳಿ, ಕಾಳುಕಡಿ ಪಡೆದು ಹೋಗುವವರು ಅವರು. ಅವರು ಹೇಳುವುದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ನಡುವೆ ಬಾಯಿ ಹಾಕಬೇಡಿ, ಮುಗಿದ ಮೇಲೆ “ಮುಂಚೆ ಯಾವ ಊರಾಗಿದ್ರು?” ಎಂದು ಕೇಳಿ. ಹತ್ತಿರದ ನಾಲ್ಕೈದು ತಲೆಯನ್ನು ಪಹಣಿಯ ಜೊತೆ ತಾಳೆ ನೋಡಿ. ತೀರ ಹಿಂದಿನದು ಪುರಾಣದೊಳಗೆ ಸೇರಿಬಿಡುತ್ತದೆ, ಹೆಣ್ಣುಮಕ್ಕಳ ಹೆಸರು ಹೆಚ್ಚಾಗಿ ಇರುವುದೇ ಇಲ್ಲ.

ಕೊನೆಗೆ ಅಜ್ಜ ಕಲಿತ ಶಾಲೆಯ ದಾಖಲಾತಿ ಪುಸ್ತಕ. ಅಡ್ಡಹೆಸರು ಮೊದಲ ಸಲ ಕಾಗದಕ್ಕೆ ಬಂದದ್ದು ಎಷ್ಟೋ ಮನೆಗಳಲ್ಲಿ ಅಲ್ಲೇ, ಮಾಸ್ತರರ ಕೈಯಲ್ಲಿ. ಅಣ್ಣನಿಗೆ ಊರಿನ ಹೆಸರು, ತಮ್ಮನಿಗೆ ಕಸುಬಿನ ಹೆಸರು ಬಿದ್ದಿರಬಹುದು. ಅದಕ್ಕೇ ಅಜ್ಜನದಷ್ಟೇ ಅಲ್ಲ, ಆತನ ಅಣ್ಣತಮ್ಮಂದಿರ ಸಾಲುಗಳನ್ನೂ ತೆಗೆಸಿ ನೋಡಿ, ಕಾಗುಣಿತ ತಿದ್ದದೆ ಇದ್ದ ಹಾಗೇ ಬರೆದುಕೊಳ್ಳಿ.